ಸರ್ಜಾಪುರ ರಸ್ತೆ ಬಿಟ್ಟು ತ್ಯಾಗರಾಜನಗರದ ಕಡೆ ಮನೆ ಮಾಡಬೇಕೆಂದಿದ್ದೇವೆ: ಅಲ್ಲಿ ಜನರ ಹೊಕ್ಕುಬಳಕೆ ಇನ್ನೂ ಉಳಿದಿದೆಯೇ?

ಶಿರಸಿಯವಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇರುವವರ ಸಲಹೆ ಬೇಕಾಗಿದೆ.

ನಮ್ಮ ಮನೆ ಸದ್ಯ ಸರ್ಜಾಪುರ ರಸ್ತೆಯ ಕಡೆ, ದೊಡ್ಡ ಅಪಾರ್ಟ್‌ಮೆಂಟ್ ಒಂದರ ಒಂಬತ್ತನೆಯ ಮಹಡಿಯಲ್ಲಿದೆ. ನಾನು, ಯಜಮಾನರು, ಯುಕೆಜಿಗೆ ಹೋಗುವ ಮಗಳು. ಇಬ್ಬರ ಕಚೇರಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ವಾರಕ್ಕೆ ಮೂರು ದಿನ ಹೋಗಬೇಕು, ಉಳಿದ ದಿನ ಮನೆಯಿಂದಲೇ ಕೆಲಸ. ಮಾವನವರು ತೀರಿಕೊಂಡ ಮೇಲೆ ಅತ್ತೆಯವರನ್ನು ಶಿರಸಿ ಸೀಮೆಯ ಊರಿನಿಂದ ಇಲ್ಲಿಗೇ ಕರೆದುಕೊಂಡು ಬಂದೆವು. ಮನೆ ಬದಲಿಸುವ ಯೋಚನೆ ಹುಟ್ಟಿದ್ದು ಅವರಿಗಾಗಿ.

ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ನಮ್ಮ ಮಹಡಿಯ ಉಳಿದ ಮನೆಗಳಲ್ಲಿ ಯಾರಿಗೂ ಕನ್ನಡ ಬಾರದು. ಒಳ್ಳೆಯ ಜನ, ಕಂಡರೆ ಕೈ ಮುಗಿಯುತ್ತಾರೆ, ಲಿಫ್ಟಿನ ಬಾಗಿಲು ಹಿಡಿದು ನಿಲ್ಲುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಹಾಲು ಬೆಳಗಿನ ಜಾವ ಬಾಗಿಲಿಗೆ ತೂಗುಹಾಕಿದ ಚೀಲದಲ್ಲಿ ಬಂದು ಕೂತಿರುತ್ತದೆ. ತರಕಾರಿ, ಔಷಧಿ, ಪೂಜೆಯ ಹೂವು ಕೂಡ ಮೊಬೈಲಿನಲ್ಲಿ ಒತ್ತಿದ ಹತ್ತು ಹದಿನೈದು ನಿಮಿಷಕ್ಕೆ ಬರುತ್ತವೆ. ಕೆಲಸದ ದಿನ ಇದರಿಂದ ನನಗೆ ಆಗುವ ಉಪಕಾರ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಅತ್ತೆ ಬಂದ ಹೊಸದರಲ್ಲಿ ಕರಿಬೇವಿನ ಪೊಟ್ಟಣವನ್ನು ಕೈಯಲ್ಲಿ ಹಿಡಿದುಕೊಂಡು, ಅದರ ಮೇಲೆ ಅಂಟಿಸಿದ ಚೀಟಿಯನ್ನು ನನ್ನಿಂದ ಓದಿಸಿದರು. ತೂಕ, ಬೆಲೆ, ಕಟ್ಟಿದ ದಿನಾಂಕ, ಗೋದಾಮಿನ ವಿಳಾಸ. ಎಲ್ಲವನ್ನೂ ಕೇಳಿಸಿಕೊಂಡು "ಇದನ್ನು ಕೊಟ್ಟವರು ಯಾರು?" ಎಂದರು. ನನ್ನ ಬಳಿ ಉತ್ತರ ಇರಲಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತಿದೆ. ನಾನು ಕೋಣೆಯಲ್ಲಿ ಮೀಟಿಂಗ್‌ನಲ್ಲಿದ್ದರೆ ಅವರು ಮಿಕ್ಸಿ ಹಾಕುವುದಿಲ್ಲ. ಕುಕ್ಕರ್ ಎರಡನೆಯ ಸಲ ಕೂಗುವ ಮೊದಲೇ ಒಲೆ ಆರಿಸುತ್ತಾರೆ. ಊರಿನಿಂದ ಬಂದ ಫೋನನ್ನು ಬಾಲ್ಕನಿಗೆ ಹೋಗಿ, ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡುತ್ತಾರೆ. ಕೆಲಸ ಮನೆಯೊಳಗೆ ಬಂದಾಗ ಸಂಬಳ ನನಗೊಬ್ಬಳಿಗೆ ಸಿಗುತ್ತದೆ, ಕಚೇರಿಯ ಶಿಸ್ತು ಮಾತ್ರ ಮನೆಯವರೆಲ್ಲರ ಮೇಲೆ ಬೀಳುತ್ತದೆ. ಹಗಲು ಹೊತ್ತಿನಲ್ಲಿ ಅವರಿಗೆ ಹೋಗಿ ಕೂರಲು, ಮಾತಾಡಲು ಹೊರಗೊಂದು ಜಾಗ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತಿದೆ.

2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಮೆಟ್ರೊ ಹಳದಿ ಮಾರ್ಗ ಶುರುವಾದ ಮೇಲೆ ತ್ಯಾಗರಾಜನಗರ, ಎನ್.ಆರ್. ಕಾಲೊನಿ, ಹನುಮಂತನಗರದ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವುದು ಸಾಧ್ಯ ಎನ್ನಿಸುತ್ತಿದೆ. ಹಾಗಾಗಿ ಕೇಳುತ್ತಿದ್ದೇನೆ: ಆ ಕಡೆ ಬೀದಿಯ ಜನ ಒಬ್ಬರನ್ನೊಬ್ಬರು ನಿಜವಾಗಿಯೂ ಬಲ್ಲರೇ? ಅಥವಾ ಅದು ಹಳೆಯ ಬೆಂಗಳೂರಿನ ನೆನಪಿನಲ್ಲಿ ಮಾತ್ರ ಉಳಿದಿರುವ ಮಾತೇ? ಅರವತ್ತೆಂಟು ವಯಸ್ಸಿನ ಹೆಂಗಸೊಬ್ಬರು ಹೊಸದಾಗಿ ಬಂದು ಅಲ್ಲಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳಲು ಆಗುತ್ತದೆಯೇ? ಸ್ವಂತ ಅನುಭವ ಇರುವವರು ದಯವಿಟ್ಟು ಬರೆಯಿರಿ.

ತ್ಯಾಗರಾಜನಗರದ ಅಂಗಡಿಯವನು

ನಮಸ್ಕಾರ ಮೇಡಂ. ತ್ಯಾಗರಾಜನಗರದಲ್ಲಿ ನನ್ನದೊಂದು ಕಾಂಡಿಮೆಂಟ್ಸ್ ಅಂಗಡಿ. ಊರು ಚನ್ನರಾಯಪಟ್ಟಣದ ಕಡೆ. ಹಾಸನ ಸೀಮೆಯ ಎಷ್ಟೋ ಹುಡುಗರ ಹಾಗೆ ನಾನೂ ಬೇಕರಿ ಕೆಲಸಕ್ಕೆಂದು ಬೆಂಗಳೂರಿಗೆ ಬಂದವನು. ಖಾರಾ ಬನ್ನಿನ ಹಿಟ್ಟು ನಾದುತ್ತಾ, ದಿಲ್‌ಪಸಂದ್ ಕತ್ತರಿಸುತ್ತಾ ವ್ಯಾಪಾರ ಕಲಿತು, ಆಮೇಲೆ ಸ್ವಂತ ಅಂಗಡಿ ಇಟ್ಟೆ. ಬೀದಿಯ ಜನರನ್ನು ಗಲ್ಲಾದ ಹಿಂದಿನಿಂದ ನೋಡಿಕೊಂಡೇ ವಯಸ್ಸಾಗಿದೆ. ನಿಮ್ಮ ಪ್ರಶ್ನೆಗೆ ಉದ್ದವಾಗಿಯೇ ಉತ್ತರ ಬರೆಯುತ್ತೇನೆ, ಏಕೆಂದರೆ ನಿಮ್ಮ ಅತ್ತೆಯವರು ಕೇಳಿದ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಹಳೆಯ ಬಡಾವಣೆಯ ಜನ ಒಳ್ಳೆಯವರು, ಹೊಸ ಬಡಾವಣೆಯವರು ಒಣ ಸ್ವಭಾವದವರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬಸವನಗುಡಿ, ಮಲ್ಲೇಶ್ವರಗಳನ್ನೇ ನೋಡಿ. 1898ರಲ್ಲಿ ಪ್ಲೇಗು ಬಂದ ಮೇಲೆ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಕಟ್ಟಿದ ಬಡಾವಣೆಗಳು ಅವು. ಮೊದಲು ಬಂದವರಿಗೆ ಅಕ್ಕಪಕ್ಕದವರು ಅಪರಿಚಿತರೇ ಆಗಿದ್ದಿರಬೇಕು. ಬಳಕೆ ಬೆಳೆದದ್ದು ನಂತರ. ಅದು ಬೆಳೆಯುವುದಕ್ಕೆ ಬೀದಿಯಲ್ಲಿ ಕೊಡು-ಕೊಳ್ಳುವ ವ್ಯವಹಾರ ಬೇಕಿತ್ತು, ಅದು ಇತ್ತು.

ನನ್ನ ಅಂಗಡಿಯದನ್ನೇ ಹೇಳುತ್ತೇನೆ. ಗಲ್ಲಾದ ಕೆಳಗೆ ಕೆಂಪು ಬಟ್ಟೆಯ ಬೈಂಡಿನ ಉದ್ದನೆಯ ಪುಸ್ತಕವೊಂದು ಈಗಲೂ ಇದೆ, ಸಾಲದ ಪುಸ್ತಕ. ಅದರಲ್ಲಿ ಹೆಸರುಗಳು ಕಡಿಮೆ. ಮೂಲೆ ಮನೆ, ಬ್ಯಾಂಕಿನವರು, ಹಸಿರು ಗೇಟು, ವೀಣೆ ಟೀಚರ್, ಮಹಡಿ ಮೇಲಿನ ಹುಡುಗರು, ಹೀಗೆ. "ಬರೆದುಕೊಳ್ಳಿ" ಎಂದು ಹೇಳಿ ಜನ ಸಾಮಾನು ತೆಗೆದುಕೊಂಡು ಹೋಗುತ್ತಿದ್ದರು, ಸಂಬಳ ಬಂದ ವಾರ ಚುಕ್ತಾ ಮಾಡುತ್ತಿದ್ದರು. ಆ ಪುಸ್ತಕ ಇದ್ದುದರಿಂದ ನನಗೆ ಅವರ ಮೇಲೆ, ಅವರಿಗೆ ನನ್ನ ಮೇಲೆ ಒಂದು ಕಣ್ಣು ಇರುತ್ತಿತ್ತು. ಮೂಲೆ ಮನೆಯ ಪುಟದಲ್ಲಿ ನಾಲ್ಕು ದಿನ ಏನೂ ಬರೆಯದೆ ಉಳಿದರೆ ಹುಡುಗನನ್ನು ಕಳಿಸಿ ವಿಚಾರಿಸುತ್ತಿದ್ದೆ. ಹಾಲು ಒಂದರಿಂದ ಎರಡು ಲೀಟರ್ ಆದರೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ ಎಂದು ತಿಳಿಯುತ್ತಿತ್ತು. ಅರ್ಧ ಲೀಟರ್‌ಗೆ ಇಳಿದರೆ ಮಗ ಬೇರೆ ಮನೆ ಮಾಡಿದ್ದಾನೆ. ಸಾಲ ಹಿಂದಕ್ಕೆ ಬರಬೇಕಾದರೆ ಮನುಷ್ಯ ಹೇಗಿದ್ದಾನೆ ಎಂದು ಗೊತ್ತಿರಬೇಕು. ಮೊದಲು ಲೆಕ್ಕಕ್ಕಾಗಿ ವಿಚಾರಿಸುತ್ತಿದ್ದೆವು, ಬರಬರುತ್ತಾ ವಿಚಾರಿಸದೆ ಇರುವುದೇ ಆಗದಂತಾಯಿತು.

ಚಿಲ್ಲರೆಯದೂ ಹಾಗೆಯೇ. ನನ್ನಲ್ಲಿ ಎರಡು ರೂಪಾಯಿ ಉಳಿದರೆ "ನಾಳೆ ಕೊಡುತ್ತೇನೆ" ಎನ್ನುತ್ತಿದ್ದೆ, ಅವರಲ್ಲಿ ಕಡಿಮೆ ಬಿದ್ದರೆ "ನಾಳೆ ಕೊಡಿ". ನಾಳೆ ಬರಲು ಒಂದು ಕಾರಣ ಇರುತ್ತಿತ್ತು. ಈಗ ಹದಿಮೂರು ರೂಪಾಯಿ ಎಂದರೆ ಹದಿಮೂರೇ ಬರುತ್ತದೆ, ಗೋಡೆಯ ಮೇಲಿನ ಪೆಟ್ಟಿಗೆ ಅದನ್ನು ಗಟ್ಟಿಯಾಗಿ ಕೂಗುತ್ತದೆ, ಇಬ್ಬರ ಲೆಕ್ಕವೂ ಅಲ್ಲೇ ಮುಗಿಯುತ್ತದೆ. ಗಿರಾಕಿ ಮೊಬೈಲಿನಿಂದ ತಲೆ ಎತ್ತದೆಯೇ ಹೋಗಬಹುದು. ನನಗೆ ಯುಪಿಐ ಮೇಲೆ ದ್ವೇಷವಿಲ್ಲ. ರಾತ್ರಿ ಗಲ್ಲಾ ಎಣಿಸುವ ಕಷ್ಟ ತಪ್ಪಿದೆ. ಆದರೆ 2025ರ ಜುಲೈನಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸುಗಳು ಬಂದವಲ್ಲ, ಆಗ ಒಂದು ವಿಷಯ ಕಂಡಿತು. ಊರಿನ ಎಷ್ಟೋ ಅಂಗಡಿಗಳು "ನಗದು ಮಾತ್ರ" ಎಂದು ಚೀಟಿ ಅಂಟಿಸಿದವು. ಕೈಯಲ್ಲಿ ನಗದಿಲ್ಲದ ಗಿರಾಕಿಗಳಿಗೆ ಆ ದಿನಗಳಲ್ಲಿ ನಾನು ಮತ್ತೆ ಸಾಲದ ಪುಸ್ತಕ ತೆಗೆದೆ. ಐಟಿಯ ಹುಡುಗರು, ಅಷ್ಟು ದಿನ ಒಂದು ಮಾತೂ ಆಡದವರು, ತಮ್ಮ ಮನೆ ಯಾವುದು, ಊರು ಯಾವುದು ಎಂದು ಹೇಳಿ ಬರೆಸಿ ಹೋದರು. ಒಬ್ಬನೂ ಬಾಕಿ ಉಳಿಸಲಿಲ್ಲ.

ಇನ್ನು ಕಾಯುವುದು. ನಂದಿನಿ ಹಾಲಿನ ಗಾಡಿ ತಡವಾದ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಆರೇಳು ಜನ ನಿಲ್ಲುತ್ತಾರೆ. ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು, ಶಾಲಾ ವ್ಯಾನಿನ ಚಾಲಕ, ಹೂ ಕಟ್ಟುವ ಹೆಂಗಸು. ಒಂದೇ ದಿನಪತ್ರಿಕೆಯ ಹಾಳೆಗಳನ್ನು ಹಂಚಿಕೊಂಡು ಓದುತ್ತಾರೆ. ಹೊರಗೆ ಎಲ್ಲಿಯೂ ಒಟ್ಟಿಗೆ ಕೂರದ ಜನ ಅಲ್ಲಿ ಒಟ್ಟಿಗೆ ನಿಂತಿರುತ್ತಾರೆ. ನಮ್ಮ ಪಕ್ಕದ ಜಯನಗರದಲ್ಲಿ 1983ರಲ್ಲಿ ಶುರುವಾದ ಕೆಫೆ ದರ್ಶಿನಿಯಿಂದ ಇಡೀ ಊರಿಗೆ ನಿಂತು ತಿನ್ನುವ ಹೋಟೆಲು ಬಂತು. ಅವಸರದ ಊರಿಗೆ ಅವಸರದ ತಿಂಡಿ. ಹಾಗಿದ್ದರೂ ಆ ಎತ್ತರದ ಮೇಜಿನ ಸುತ್ತ ಗುರುತಿಲ್ಲದವರು ಚಟ್ನಿಯ ತಟ್ಟೆ ಸರಿಸಿ ಜಾಗ ಕೊಡುತ್ತಾರೆ, ಇಬ್ಬರು ಸ್ನೇಹಿತರು ಒಂದು ಕಾಫಿ ತೆಗೆದುಕೊಂಡು ಬೈಟು ಮಾಡಿ ಅರ್ಧ ಗಂಟೆ ನಿಲ್ಲುತ್ತಾರೆ. ಅವಸರಕ್ಕೆ ಕಟ್ಟಿದ ಜಾಗವನ್ನು ಜನ ಮಾತಿಗೆ ಬಳಸಿಕೊಂಡರು. ನಗರದ ಜನಕ್ಕೆ ಮಾತು ಬೇಡ ಎಂದು ಹೇಳುವವರು ಒಂದು ದಿನ ಬೆಳಿಗ್ಗೆ ದರ್ಶಿನಿಯ ಮುಂದೆ ನಿಂತು ನೋಡಬೇಕು.

ಈಗ ಬದಲಾಗಿರುವುದನ್ನೂ ಹೇಳಬೇಕು. ಹತ್ತು ನಿಮಿಷದ ಆ್ಯಪ್‌ಗಳು ನಮ್ಮ ಬೀದಿಗೂ ಬಂದಿವೆ. ತಿಂಗಳ ದಿನಸಿ, ಎಣ್ಣೆ, ಸೋಪು, ಬಿಸ್ಕತ್ತಿನ ದೊಡ್ಡ ಪ್ಯಾಕು ನನ್ನ ಕೈ ಬಿಟ್ಟು ಹೋಗಿವೆ. ಲಾಭ ಇದ್ದದ್ದೇ ಅವುಗಳಲ್ಲಿ. ಉಳಿದಿರುವುದು ಹತ್ತು ರೂಪಾಯಿಯ ಹಸಿಮೆಣಸಿನಕಾಯಿ, ಎರಡು ನಿಂಬೆಹಣ್ಣು, ಶಾಂಪೂವಿನ ಸಣ್ಣ ಪೊಟ್ಟಣ, ರಾತ್ರಿ ಒಂಬತ್ತಕ್ಕೆ ಓಡಿಬಂದು ಮಗು ಕೇಳುವ ಚಾರ್ಟ್ ಪೇಪರ್. ತರಕಾರಿ ಕೊಂಡವರಿಗೆ ಕರಿಬೇವು, ಕೊತ್ತಂಬರಿಯ ಕೊಸರು ಕೊಡುವುದನ್ನು ನಾನು ಬಿಟ್ಟಿಲ್ಲ. ನಿಮ್ಮ ಅತ್ತೆಯವರಿಗೆ ಇದನ್ನು ತಿಳಿಸಿ: ಇಲ್ಲಿ ಕರಿಬೇವನ್ನು ಕೊಡುವವನು ನಾನು.

ಬರುವವರೂ ಬದಲಾಗಿದ್ದಾರೆ. ವಯಸ್ಸಾದವರು, ಮಕ್ಕಳು, ಕೈಯಲ್ಲಿ ಸ್ವಲ್ಪವೇ ದುಡ್ಡಿರುವವರು, ಮಾತು ಬೇಕಾದವರು ಬರುತ್ತಾರೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳು ಅಂಗಡಿಗೆ ಬರುವುದಿಲ್ಲ, ಆದರೆ ತಮ್ಮ ಬೀಗದ ಕೈ ನನ್ನಲ್ಲಿ ಇಟ್ಟು ಹೋಗುತ್ತವೆ. ಕೊಕ್ಕೆಯಲ್ಲಿ ಸಾಲಾಗಿ ತೂಗುತ್ತಿರುತ್ತವೆ. ಕೆಲಸದಾಕೆ ಬಂದು ತೆಗೆದುಕೊಳ್ಳುತ್ತಾಳೆ, ಶಾಲೆಯಿಂದ ಬಂದ ಮಗು ತೆಗೆದುಕೊಳ್ಳುತ್ತದೆ. ಅವರು ಆ್ಯಪಿನಲ್ಲಿ ತರಿಸಿದ ಪಾರ್ಸಲನ್ನೂ ನಾನೇ ಇಳಿಸಿಕೊಂಡು ಇಟ್ಟಿರುತ್ತೇನೆ. ಇದಕ್ಕೆ ಕಾಸು ಸಿಗುವುದಿಲ್ಲ. ವ್ಯಾಪಾರ ನಡೆದರೆ ಮಾತ್ರ ಅಂಗಡಿ ಉಳಿಯುತ್ತದೆ, ಅಂಗಡಿ ಉಳಿದರೆ ಮಾತ್ರ ಬೀಗದ ಕೈ ಇಡಲು ಒಂದು ಕೊಕ್ಕೆ ಇರುತ್ತದೆ. ಬಳಕೆ ಬೇಕು ಎನ್ನುವವರು ದಿನಕ್ಕೆ ಒಂದು ಸಾಮಾನನ್ನಾದರೂ ಬೀದಿಯಲ್ಲಿ ಕೊಳ್ಳಬೇಕು. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ಎಚ್ಚರಿಕೆಯ ಮಾತೂ ಇದೆ. ಈ ಕಡೆ ಮನೆ ಕೇಳಲು ಹೋದರೆ ನಿಮ್ಮ ಜಾತಿ, ಊಟ, ಯಾವ ಹೊತ್ತಿಗೆ ಮನೆಗೆ ಬರುತ್ತೀರಿ ಎಂಬುದನ್ನೆಲ್ಲ ಕೇಳುವ ಮಾಲೀಕರಿದ್ದಾರೆ. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡು ಸಾಮಾನ್ಯ. ಬೇಕರಿಯ ದಿನಗಳಲ್ಲಿ ನನ್ನ ಜೊತೆ ಕೆಲಸ ಮಾಡಿದ, ಬಂಗಾರದಂಥ ಮುಸ್ಲಿಂ ಹುಡುಗನೊಬ್ಬನಿಗೆ ಈ ಬೀದಿಗಳಲ್ಲಿ ಕೋಣೆ ಸಿಗಲಿಲ್ಲ. ಹೊಕ್ಕುಬಳಕೆಯ ಬೀದಿ ಕೆಲವರನ್ನು ಬಾಗಿಲಲ್ಲೇ ತಡೆಯುತ್ತದೆ; ಅದನ್ನು ಮುಚ್ಚಿಟ್ಟು ಹೊಗಳುವುದು ನ್ಯಾಯವಲ್ಲ. ನಿಮ್ಮ ಸರ್ಜಾಪುರದ ಕಟ್ಟಡದಲ್ಲಿ ಯಾರೂ ನಿಮ್ಮನ್ನು ಕೇಳದೆ ಬಿಡುವುದೂ ಒಂದು ನೆಮ್ಮದಿ ಎನ್ನುವವರನ್ನು ನಾನು ತಪ್ಪು ಎನ್ನುವುದಿಲ್ಲ.

ಎರಡನೆಯದು, ಹಳೆಯ ಒಂಟಿ ಮನೆಗಳನ್ನು ಕೆಡವಿ ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಅಂತಸ್ತು ಕಟ್ಟುತ್ತಿದ್ದಾರೆ. ಜಗಲಿ ಇದ್ದ ಜಾಗದಲ್ಲಿ ಕಾರು ನಿಂತಿದೆ, ಕಬ್ಬಿಣದ ಗೇಟಿಗೆ ಬೀಗ ಬಿದ್ದಿದೆ. ಅಂಥ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಮನೆ ಮಾಡಿದರೆ ನಿಮ್ಮ ಅತ್ತೆಯವರಿಗೆ ತ್ಯಾಗರಾಜನಗರವೂ ಒಂದೇ, ಸರ್ಜಾಪುರವೂ ಒಂದೇ. ನೆಲಮಹಡಿ ಅಥವಾ ಮೊದಲ ಮಹಡಿ ನೋಡಿ. ಬಾಡಿಗೆಗೆ ಮೊದಲು ಬೀದಿಯನ್ನು ನೋಡಿ: ಬೆಳಿಗ್ಗೆ ಆರೂವರೆಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಬನ್ನಿ. ಹಾಲಿನ ಅಂಗಡಿಯ ಮುಂದೆ ಯಾರು ನಿಂತಿದ್ದಾರೆ, ಫುಟ್‌ಪಾತಿನ ಮೇಲೆ ನಡೆಯಲು ಜಾಗ ಇದೆಯೇ, ವಯಸ್ಸಾದವರು ಕೂರಲು ಪಾರ್ಕಿನ ಕಲ್ಲುಬೆಂಚು ಎಷ್ಟು ದೂರ, ಮಧ್ಯಾಹ್ನ ಭಜನೆಗೆ ಸೇರುವ ಹೆಂಗಸರ ಗುಂಪು ಹತ್ತಿರದಲ್ಲಿದೆಯೇ. ಮನೆ ತೋರಿಸುವ ದಲ್ಲಾಳಿಗೆ ಇದ್ಯಾವುದೂ ಗೊತ್ತಿರುವುದಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಅತ್ತೆಯವರನ್ನು ಕರೆದುಕೊಂಡು ಬನ್ನಿ. ರಾಮನವಮಿಗೆ ಬೀದಿಬೀದಿಯಲ್ಲಿ ಪಾನಕ, ಕೋಸಂಬರಿ ಹಂಚುತ್ತಾರೆ. ಹೊಸಬರು ಎಂದು ಅಲ್ಲಿ ಯಾರೂ ಬೇರೆ ಮಾಡಿ ನೋಡುವುದಿಲ್ಲ.

ಎರಡು ಚಕ್ರದವನು

ಮೇಡಂ, ಅಂಗಡಿ ಅಣ್ಣನವರೇ, ಇಬ್ಬರಿಗೂ ನಮಸ್ಕಾರ. ಊರು ರಾಯಚೂರು ಜಿಲ್ಲೆ, ಮಸ್ಕಿ ಕಡೆ. ನೀವು ಒತ್ತಿದ ಕರಿಬೇವನ್ನು ತಂದು ಬಾಗಿಲಿಗೆ ಇಡುವವರಲ್ಲಿ ನಾನೂ ಒಬ್ಬ. ಆದ್ದರಿಂದ ನಿಮ್ಮ ಅತ್ತೆಯವರ ಪ್ರಶ್ನೆಗೆ ನನ್ನದೂ ಒಂದು ಉತ್ತರ ಇದೆ.

ಗೋದಾಮನ್ನು ನಾವು ಸ್ಟೋರ್ ಎನ್ನುತ್ತೇವೆ. ಒಳಗೆ ಕಪಾಟುಗಳ ಮೇಲೆ ಸಂಖ್ಯೆಗಳಿರುತ್ತವೆ, ಹುಡುಗ ಹುಡುಗಿಯರು ಕೈಯಲ್ಲಿ ಮೊಬೈಲ್ ಹಿಡಿದು ಓಡಾಡುತ್ತಾ ಚೀಲ ತುಂಬುತ್ತಾರೆ. ಅವರನ್ನು ಪಿಕರ್ ಎನ್ನುತ್ತಾರೆ. ಹೊರಗೆ ನಾವು ಗಾಡಿ ನಿಲ್ಲಿಸಿಕೊಂಡು ಸರದಿ ಕಾಯುತ್ತೇವೆ. ಚೀಲ ಕೈಗೆ ಬಂದ ಮೇಲೆ ನಿಮ್ಮಂಥ ಅಪಾರ್ಟ್‌ಮೆಂಟಿನಲ್ಲಿ ಹೆಚ್ಚು ಹೊತ್ತು ಹೋಗುವುದು ರಸ್ತೆಯಲ್ಲಲ್ಲ, ಗೇಟಿನಲ್ಲಿ. ಸೆಕ್ಯುರಿಟಿಯವರು ಸಂಖ್ಯೆ ಕೇಳಬೇಕು, ನೀವು ಮೊಬೈಲಿನಲ್ಲಿ ಒಪ್ಪಬೇಕು, ಆಮೇಲೆ ನಾವು ಹಿಂದಿನ ಸರ್ವಿಸ್ ಲಿಫ್ಟ್ ಹುಡುಕಿಕೊಂಡು ಹೋಗಬೇಕು. ಮುಂದಿನ ಲಿಫ್ಟಿಗೆ ನಮ್ಮನ್ನು ಬಿಡುವುದಿಲ್ಲ. ಒಂಬತ್ತನೆಯ ಮಹಡಿಗೆ ಬರುವ ಹೊತ್ತಿಗೆ ಬಾಗಿಲ ಮೇಲೆ "ಗಂಟೆ ಒತ್ತಬೇಡಿ, ಮಗು ಮಲಗಿದೆ" ಎಂದಿರುತ್ತದೆ. ಚೀಲ ಇಟ್ಟು ಫೋಟೊ ತೆಗೆದು ಇಳಿಯುತ್ತೇನೆ. ನಿಮಗೆ ನನ್ನ ಹೆಸರು ಮೊಬೈಲಿನಲ್ಲಿ ಕಾಣುತ್ತದೆ, ನನಗೆ ನಿಮ್ಮದು ಕಾಣುತ್ತದೆ, ಮುಖ ಇಬ್ಬರಿಗೂ ಕಾಣುವುದಿಲ್ಲ.

ನನಗೆ ಈ ಊರಿನಲ್ಲಿ ಸ್ನೇಹ ಸಿಕ್ಕಿದ್ದು ಆ ಸ್ಟೋರಿನ ಮುಂದಿನ ಹೊಂಗೆ ಮರದ ಕೆಳಗೆ. ಕಲಬುರಗಿಯವನು, ಬಿಹಾರದವನು, ಕೋಲಾರದವನು, ಎಲ್ಲರೂ ಅಲ್ಲೇ. ಗಾಡಿ ಕೆಟ್ಟರೆ ಒಬ್ಬರು ತಳ್ಳಿಕೊಂಡು ಹೋಗುತ್ತಾರೆ. ಬಿದ್ದು ಪೆಟ್ಟಾದವನಿಗೆ ಎಲ್ಲರೂ ಸೇರಿ ನೂರು, ಇನ್ನೂರು ಹಾಕುತ್ತೇವೆ. ನಮ್ಮ ಗೆಳೆಯನೊಬ್ಬನ ಐಡಿ ಒಂದು ಬೆಳಿಗ್ಗೆ ಬ್ಲಾಕ್ ಆಯಿತು, ಕಾರಣ ಕೇಳಲು ಮನುಷ್ಯರು ಯಾರೂ ಸಿಗಲಿಲ್ಲ. 2025ರಲ್ಲಿ ಕರ್ನಾಟಕದಲ್ಲಿ ಗಿಗ್ ಕಾರ್ಮಿಕರಿಗೆಂದು ಕಾನೂನು ಬಂದಿದೆ. ಕೆಲಸದಿಂದ ತೆಗೆಯುವ ಮೊದಲು ಹದಿನಾಲ್ಕು ದಿನದ ನೋಟಿಸ್ ಕೊಡಬೇಕು ಎಂದಿದೆ, ನಮಗೆ ಕೊಡುವ ಹಣದ ಮೇಲೆ ಕಂಪನಿಗಳು ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು ಎಂದಿದೆ. ಮರದ ಕೆಳಗೆ ನಾವೇ ಒಬ್ಬರಿಗೊಬ್ಬರು ಅದನ್ನು ಓದಿ ಹೇಳಿದೆವು.

ಮೇಡಂ, ಮನೆ ಬದಲಿಸುವುದು ನಿಮ್ಮಿಷ್ಟ. ಅಲ್ಲಿಯವರೆಗೆ ಅತ್ತೆಯವರೇ ಬಾಗಿಲು ತೆಗೆದು ಚೀಲ ತೆಗೆದುಕೊಳ್ಳಲಿ. "ಯಾವ ಊರಪ್ಪ?" ಎಂದು ಕೇಳುವ ಮನೆಯ ಬಾಗಿಲಿಗೆ ಹೋಗಲು ನಮಗೆ ಸಂತೋಷ. ಒಂದು ನಿಮಿಷ ತಡವಾದರೂ ಪರವಾಗಿಲ್ಲ. ಅಂಗಡಿ ಅಣ್ಣನವರೇ, ಪಾರ್ಸಲ್ ಇಳಿಸಿಕೊಳ್ಳುವ ನಿಮ್ಮಂಥವರಿಂದ ನಮಗೆ ಎಷ್ಟೋ ಸಲ ಎರಡನೆಯ ಸುತ್ತು ತಪ್ಪುತ್ತದೆ. ನಿಮ್ಮ ವ್ಯಾಪಾರ ಕಡಿಮೆಯಾಗಿದ್ದು ನಮ್ಮ ಗಾಡಿಗಳಿಂದ ಎಂದು ಓದಿ ಸಂಕಟವಾಯಿತು.

ಲಗ್ಗೆರೆ ಟೈಲರ್

ಅಕ್ಕ, ನಾನು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಲಗ್ಗೆರೆಯಲ್ಲಿ ವಠಾರದ ಮನೆ. ಸಾಲಾಗಿ ಎಂಟು ಮನೆ, ನೀರಿಗೆ ಒಂದೇ ಸಂಪು. ನಿಮ್ಮ ಪ್ರಶ್ನೆ ಓದಿ ಅತ್ತೆಯವರ ಬಗ್ಗೆ ಮರುಕ ಹುಟ್ಟಿತು. ನಮ್ಮ ಕಡೆ ಕೊರತೆ ಬೇರೆ ಥರದ್ದು. ಇಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು. ಯಾರ ಮನೆಯಲ್ಲಿ ಜಗಳ, ಯಾರು ಬಾಡಿಗೆ ಕೊಟ್ಟಿಲ್ಲ, ಯಾರು ಓಟಿ ಮುಗಿಸಿ ಎಷ್ಟು ಹೊತ್ತಿಗೆ ಬಂದರು, ಎಲ್ಲ. ಮಾತಾಡಲು ಜನ ಇದ್ದಾರೆ, ಹೊತ್ತು ಇಲ್ಲ. ನನ್ನ ಮಗಳು ಜ್ವರ ಬಂದು ಮಲಗಿದಾಗ ಗಂಜಿ ಕುಡಿಸಿದವರು ಪಕ್ಕದ ಮನೆಯವರು. ನಾನು ಲೈನಿನಲ್ಲಿದ್ದೆ, ಟಾರ್ಗೆಟ್ ಮುಗಿಯದೆ ರಜೆ ಸಿಗಲಿಲ್ಲ.

ಅಂಗಡಿಯ ಅಣ್ಣ ಹೇಳಿದ ಮಾತಿಗೆ ನಾನು ಒಂದು ಸೇರಿಸುತ್ತೇನೆ. ಕೆಲಸದ ಜಾಗದಲ್ಲಿ ಹುಟ್ಟುವ ಬಳಕೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲೈನಿನಲ್ಲಿ ಒಬ್ಬಳು ಕಾಲರ್ ಹೊಲಿದರೆ ಮುಂದಿನವಳು ಅದನ್ನು ಕೂರಿಸಬೇಕು. ಒಬ್ಬಳ ಕೈ ನಿಧಾನವಾದರೆ ಎಲ್ಲರಿಗೂ ಬೈಗುಳ. ಅದಕ್ಕೇ ಒಬ್ಬಳಿಗೆ ತಲೆನೋವು ಎಂದರೆ ಪಕ್ಕದವಳು ಅವಳ ಕಟ್ಟಿನಿಂದ ನಾಲ್ಕು ಪೀಸು ಎತ್ತಿಕೊಂಡು ಹೊಲಿದು ಇಡುತ್ತಾಳೆ. ಊಟದ ಅರ್ಧ ಗಂಟೆಯಲ್ಲಿ ಡಬ್ಬಿಗಳು ಒಂದಾಗುತ್ತವೆ, ಚೀಟಿ ಎತ್ತುವುದೂ ಆಗಲೇ. ಸ್ಕೂಲ್ ಫೀಸಿನ ತಿಂಗಳಲ್ಲಿ ಚೀಟಿ ಯಾರಿಗೆ ಹೋಗಬೇಕು ಎಂದು ಒಟ್ಟಿಗೆ ತೀರ್ಮಾನಿಸುತ್ತೇವೆ.

2016ರ ಏಪ್ರಿಲ್ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ನಮ್ಮಲ್ಲಿ ಅಷ್ಟು ವರ್ಷ ಯಾರು ಮಿಷನ್ ತುಳಿಯುತ್ತಾರೆ? ಮಗಳ ಮದುವೆಗೆ, ಸಾಲ ತೀರಿಸಲು ಇದ್ದ ದುಡ್ಡು ಅದೊಂದೇ. ಮೊದಲ ದಿನ ಹೊಸೂರು ರಸ್ತೆಯಲ್ಲಿ ಹೆಂಗಸರು ಕೆಲಸ ಬಿಟ್ಟು ರಸ್ತೆಗೆ ಇಳಿದರು, ಮರುದಿನ ತುಮಕೂರು ರಸ್ತೆಯಲ್ಲಿ ನಾವೂ ಇಳಿದೆವು. ಎರಡನೆಯ ದಿನವೇ ಸರ್ಕಾರ ಆ ನಿಯಮ ಹಿಂದಕ್ಕೆ ತೆಗೆದುಕೊಂಡಿತು. ಡಬ್ಬಿ ಹಂಚಿಕೊಂಡವರು ಜೊತೆಗಿದ್ದರು, ಅದಕ್ಕೇ ನನಗೆ ಧೈರ್ಯ ಬಂತು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ಸು ಉಚಿತವಾದ ಮೇಲೆ ನಮ್ಮ ಭಾನುವಾರ ಬದಲಾಯಿತು. ಮೊದಲು ಟಿಕೆಟ್ಟಿನ ಖರ್ಚಿಗೆ ಹೆದರಿ ಮನೆಯಲ್ಲೇ ಇರುತ್ತಿದ್ದೆವು. ಈಗ ಲೈನಿನ ನಾಲ್ಕೈದು ಜನ ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗ್, ಕೆ.ಆರ್. ಮಾರುಕಟ್ಟೆ, ಗಾಂಧಿಬಜಾರ್ ಸುತ್ತುತ್ತೇವೆ. ಅಕ್ಕ, ನಿಮ್ಮ ಅತ್ತೆಯವರಿಗೂ ಟಿಕೆಟ್ ಬೇಡ. ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮಾತಾಡಿಸದೆ ಬಿಡುವುದಿಲ್ಲ.

ಶಿರಸಿಯವಳು

ಮೂವರಿಗೂ ಮನಸಾರೆ ಧನ್ಯವಾದ. ಎಲ್ಲ ಉತ್ತರಗಳನ್ನೂ ಅತ್ತೆಗೆ ಓದಿ ಹೇಳಿದೆ. ಲಗ್ಗೆರೆಯ ತಂಗಿಯ ಮಗಳಿಗೆ ಈಗ ಹೇಗಿದೆ ಎಂದು ಅವರು ಕೇಳಿದ್ದಾರೆ, ತಿಳಿಸಿ.

ಅಣ್ಣ, ನೀವು ಹೇಳಿದ ಹಾಗೆಯೇ ಶನಿವಾರ ಬೆಳಿಗ್ಗೆ ಬಂದು, ಮತ್ತೆ ಸಂಜೆ ಬಂದು ಬೀದಿಗಳನ್ನು ನೋಡಿದೆವು. ಮೂರು ಮನೆ ಕಂಡವು. ಒಂದು ಹೊಸ ಕಟ್ಟಡದ ನಾಲ್ಕನೆಯ ಮಹಡಿ, ಚೆನ್ನಾಗಿದೆ, ಬಿಟ್ಟೆವು. ಇನ್ನೊಂದರಲ್ಲಿ ಮಾಲೀಕರು ನಮ್ಮ ಗೋತ್ರದವರೆಗೆ ಹೋದರು. ನಮ್ಮನ್ನು ಒಪ್ಪಿಕೊಂಡರು, ಆದರೆ ಕೆಲಸದಾಕೆ ಹಿಂದಿನ ಗಲ್ಲಿಯ ಬಾಗಿಲಿನಿಂದಲೇ ಬರಬೇಕು ಎಂದರು. ಯಜಮಾನರು ಅಲ್ಲಿಯೇ ಬೇಡ ಎಂದು ಹೇಳಿ ಹೊರಗೆ ಬಂದರು. ಮೂರನೆಯದು ಮೊದಲ ಮಹಡಿ, ಹಳೆಯ ಕೆಂಪು ಸಿಮೆಂಟಿನ ನೆಲ, ಅಡುಗೆಮನೆ ಸಣ್ಣದು. ಕೆಳಗೆ ಮಾಲೀಕರ ತಾಯಿ ಇದ್ದಾರೆ. ನಾವು ಕೋಣೆಗಳನ್ನು ನೋಡುತ್ತಿರುವಾಗ ಅವರೂ ಅತ್ತೆಯೂ ಮೆಟ್ಟಿಲ ಮೇಲೆ ಕೂತು ಅಪ್ಪೆಹುಳಿಗೆ ಯಾವ ಮಾವಿನಕಾಯಿ ಎಂದು ಶುರುಮಾಡಿದ್ದರು. ನನಗೊಂದು ಕೋಣೆ ಬೀದಿಯ ಬದಿಗಲ್ಲದೆ ಹಿಂದಕ್ಕೆ ಇದೆ, ಬಾಗಿಲು ಹಾಕಿಕೊಂಡರೆ ಮಿಕ್ಸಿಯ ಸದ್ದು ಕೇಳುವುದಿಲ್ಲ. ಹಾಕಿ ನೋಡಿಯೇ ಬಂದೆ.

ಹೆಚ್ಚುಕಡಿಮೆ ಅದೇ ಮನೆ ಎಂದು ತೀರ್ಮಾನವಾಗಿದೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುತ್ತಿದ್ದಾರೆ. ಅಷ್ಟು ಕೊಡುವುದು ವಾಡಿಕೆಯೇ? ಕೊನೆಯಲ್ಲಿ ಬಣ್ಣ ಬಳಿಸುವ ಖರ್ಚು ಎಂದು ಎಷ್ಟು ಹಿಡಿಯುತ್ತಾರೆ?

ತ್ಯಾಗರಾಜನಗರದ ಅಂಗಡಿಯವನು

ಬಹಳ ಸಂತೋಷ ಮೇಡಂ. ಎರಡನೆಯ ಮನೆ ಬಿಟ್ಟು ಬಂದ ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ.

ಹತ್ತು ತಿಂಗಳು ಹಳೆಯ ವಾಡಿಕೆ. ಈಗ ಐದಾರು ತಿಂಗಳಿಗೆ ಒಪ್ಪುವವರು ಇದ್ದಾರೆ, ಸಂಕೋಚವಿಲ್ಲದೆ ಕೇಳಿ. ಮುಖತಃ ಕೇಳಿ, ದಲ್ಲಾಳಿಯ ಮೂಲಕ ಬೇಡ. ಬಣ್ಣಕ್ಕೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಎಷ್ಟು ವರ್ಷ ಇದ್ದರೂ ಅದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಎಂದು ಹನ್ನೊಂದು ತಿಂಗಳ ಕರಾರಿನಲ್ಲೇ ಬರೆಸಿಕೊಳ್ಳಿ. ನೀರಿನ ಬಿಲ್ಲನ್ನು ಕೆಳಗಿನ ಮನೆಯವರೊಡನೆ ಹೇಗೆ ಹಂಚುವುದು, ಸಂಪಿಗೆ ಕಾವೇರಿ ನೀರು ವಾರದಲ್ಲಿ ಯಾವ ದಿನ ಬರುತ್ತದೆ ಎಂಬುದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಮನಸ್ತಾಪ ಬರುವುದು ಹೆಚ್ಚಾಗಿ ನೀರಿನ ವಿಷಯಕ್ಕೇ. ಸಾಮಾನು ಸಾಗಿಸುವ ದಿನ ನಿಮ್ಮ ಲಾರಿ ಒಂದು ತಾಸು ರಸ್ತೆಗೆ ಅಡ್ಡ ನಿಲ್ಲುತ್ತದೆ, ಅಕ್ಕಪಕ್ಕದ ಮನೆಗಳಿಗೆ ಹಿಂದಿನ ಸಂಜೆಯೇ ಒಂದು ಮಾತು ಹೇಳಿ ಹೋಗಿ.